ಉದ್ರಿ ಖಾತೆಯ ಕೊನೆಯ ಹಾಳಿ

ಬೀದರದಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಉದ್ರಿ ಬರೆದುಕೊಂಡೇ ಇಪ್ಪತ್ತು ವರ್ಷ ಕಳೆದವನು ನಾನು. ಸಭೆಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಭಾನುವಾರ ಎಲ್ಲರಿಗಿಂತ ಮೊದಲು ಚರ್ಚಿನ ಬಾಗಿಲು ತೆಗೆಯುವವನು ನಾನು, ಕಾಣಿಕೆ ಎಣಿಸುವವನು ನಾನು, ಕ್ರಿಸ್ಮಸ್ ಬಂತೆಂದರೆ ಪೆಂಡಾಲಿನವನ ಬೆನ್ನು ಹತ್ತುವವನೂ ನಾನೇ. ಆದರೆ ಮನೆಯಲ್ಲಿ ಮೊಣಕಾಲೂರಿದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಸತ್ಯವೇದ, ಅಂದರೆ ಬೈಬಲ್, ತೆರೆದರೆ ಕಣ್ಣು ಸಾಲಿನ ಮೇಲೆ, ಮನಸ್ಸು ನಾಳೆಯ ಮಾಲಿನ ಮೇಲೆ. ಹೀಗೇ ಹತ್ತಿರಹತ್ತಿರ ನಾಲ್ಕು ವರ್ಷ.

ಮದ್ದು ಹುಡುಕಲಿಲ್ಲ ಅಂತಲ್ಲ. ಶುಕ್ರವಾರ ಉಪವಾಸ ಹಿಡಿದೆ. ಯಾರೋ ಪ್ರಾರ್ಥಿಸಿ ಕೊಟ್ಟ ಎಣ್ಣೆಯನ್ನು ಅಂಗಡಿ ಹೊಸ್ತಿಲಿಗೆ ಹಚ್ಚಿದೆ. ಉಜ್ಜೀವನ ಕೂಟಕ್ಕೆ ಬಂದ ಬೋಧಕರೊಬ್ಬರು, ಇದು ಹಿರಿಯರಿಂದ ಬಂದ ಸೈತಾನನ ಕಟ್ಟು ಅಂದರು. ಖರೆ ಹೇಳಬೇಕೆಂದರೆ ನನಗೆ ಹಾಯೆನಿಸಿತು. ತಪ್ಪು ಸತ್ತ ಅಜ್ಜನ ತಲೆಗೆ ಹೋದಮೇಲೆ ನಾನು ಮಾಡುವುದೇನೂ ಉಳಿಯುವುದಿಲ್ಲ ನೋಡ್ರಿ.

ನವೆಂಬರಿನಲ್ಲಿ ಧಾರೂರ ಜಾತ್ರೆಗೂ ಹೋದೆ. ತೆಲಂಗಾಣದ ವಿಕಾರಾಬಾದ ಕಡೆಯ ಮೆಥೊಡಿಸ್ಟ್ ಕ್ರೈಸ್ತರ ಜಾತ್ರೆ ಅದು. ಬೀದರ ಇನ್ನೂ ನಿಜಾಮರ ಸಂಸ್ಥಾನದಲ್ಲಿದ್ದ ಕಾಲದ್ದು. ನಮ್ಮ ಮಂದಿ ಈಗಲೂ ಗಾಡಿ ಮಾಡಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿ ರಾತ್ರಿ ಪ್ರಸಂಗ ಮುಗಿದಾಗ, 'ಯಾರ್ಯಾರು ಎಲ್ಲರನ್ನೂ ಕ್ಷಮಿಸಿದ್ದೀರಿ, ಕೈ ಎತ್ತಿರಿ' ಅಂದರು. ಎತ್ತಿದೆ. ಕಣ್ಣೀರೂ ಬಂತು. ಎಂಟು ದಿನಕ್ಕೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಅಣ್ಣ ಇಳಿಯುವುದು ಕಂಡಿತು. ನಾನು ಪಾನ್ ಡಬ್ಬಿಯ ಹಿಂದೆ ಸರಿದು ನಿಂತೆ.

ಅಣ್ಣನ ಸಂಗತಿ ಇಷ್ಟು. 2016ರಲ್ಲಿ ಅವನ ಮಗಳ ಲಗ್ನಕ್ಕೆ 60 ಸಾವಿರ ಕೊಟ್ಟಿದ್ದೆ. ತೊಗರಿ ರಾಶಿ ಆದಮೇಲೆ ಕೊಡ್ತೀನಿ ಅಂದಿದ್ದ. ಎರಡು ರಾಶಿ ಹೋದವು. ಆಮೇಲೆ ಒಂದು ತೊಟ್ಟಿಲ ಕಾರ್ಯದಲ್ಲಿ, ಬೀಗರೆಲ್ಲ ಊಟಕ್ಕೆ ಕೂತಿದ್ದಾಗ ಕೇಳಿದೆ. ಕೇಳಿದ ಜಾಗ ತಪ್ಪು, ಅದು ನನ್ನದೇ ತಪ್ಪು. ಅವನು ತಾಟಿನಿಂದ ಕೈ ಎತ್ತದೆ, 'ಯಾವ ರೊಕ್ಕ? ಅಪ್ಪನ ಪಾಲಿಂದು ನೀ ಕೊಟ್ಟಿದ್ದಿ' ಅಂದ. ನಾಲ್ಕು ಮಂದಿ ನಕ್ಕರು. ಅವತ್ತೇ ಅಂಗಡಿಗೆ ಬಂದು ಉದ್ರಿ ಖಾತೆಯ ಕೊನೆಯ ಹಾಳಿಯಲ್ಲಿ ಬರೆದಿಟ್ಟೆ: ಅಣ್ಣ, 60,000. ಪ್ರತಿ ವರ್ಷ ಖಾತೆ ಬದಲಾದಾಗ ಆ ಸಾಲು ಹೊಸ ಖಾತೆಗೆ ಹತ್ತುತ್ತಿತ್ತು.

ನಮ್ಮ ಓಣಿಯಲ್ಲಿ ಬುಧವಾರ ಏಳೆಂಟು ಮಂದಿ ಪ್ರಾರ್ಥನೆಗೆ ಕೂಡುತ್ತೇವೆ. ನಡೆಸುವವರು ರಿಟೈರ್ ಆದ ಅಕ್ಕೋರು, ಸಾಲಿಯಲ್ಲಿ ನನಗೂ ಪಾಠ ಹೇಳಿದವರು. ಈ ಚಿಕ್ಕ ಗುಂಪಿನ ಪದ್ಧತಿ ಹುಟ್ಟಿದ್ದೇ ಸಾಲದಿಂದ ಅಂತ ಅವರು ಒಮ್ಮೆ ಹೇಳಿದ್ದರು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟರಿಗೆ ಕಟ್ಟಡದ ಸಾಲ ತೀರಿಸಬೇಕಿತ್ತು. ಹನ್ನೆರಡು ಮಂದಿಗೊಬ್ಬ ಮುಖಂಡ, ತಲೆಗೆ ವಾರಕ್ಕೊಂದು ಪೆನ್ನಿ. ವಸೂಲಿಗೆ ಮನೆಮನೆ ತಿರುಗಿದವರಿಗೆ ಒಳಗಿನ ಜಗಳ, ಕುಡಿತ ಎಲ್ಲ ಕಣ್ಣಿಗೆ ಬಿದ್ದವು. ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಆ ವಸೂಲಿಯನ್ನೇ ಆತ್ಮಗಳ ವಿಚಾರಣೆಗೆ ತಿರುಗಿಸಿಕೊಂಡರು. ವಸೂಲಿ ಮಾಡುವವನಿಗೆ ಮನೆ ಒಳಗಿಂದು ತಿಳಿಯುತ್ತದೆ ಅನ್ನುವುದು ಕಿರಾಣಿಯವನಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಬುಧವಾರ ಅಕ್ಕೋರು ಪ್ರಾರ್ಥನೆ ವಿಚಾರ ಕೇಳಲೇ ಇಲ್ಲ. 'ಯಾರನ್ನ ಕಂಡ್ರ ದಾರಿ ಬದಲಿಸ್ತಿ?' ಅಂದರು. ಪಾನ್ ಡಬ್ಬಿ ನೆನಪಾಯಿತು. ಹೇಳಿಬಿಟ್ಟೆ. ಅವರು ಅಯ್ಯೋ ಪಾಪ ಅನ್ನಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಸತ್ಯವೇದದ ಮತ್ತಾಯ 18ನೇ ಅಧ್ಯಾಯ ಓದು, ಲೆಕ್ಕ ಮಾಡಿಕೊಂಡು ಬಾ ಅಂದರು.

ಲೆಕ್ಕ ನನಗೆ ಬರುವ ಕೆಲಸ. ಅಲ್ಲಿ ಯೇಸುಸ್ವಾಮಿ ಹೇಳಿದ ಕಥೆಯಲ್ಲಿ ಅರಸನೊಬ್ಬ ಸೇವಕನ ಸಾಲ ಬಿಡುತ್ತಾನೆ, ಆ ಸೇವಕ ಮಾತ್ರ ತನ್ನ ಜೊತೆಯವನ ಬಾಕಿ ಬಿಡುವುದಿಲ್ಲ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನಾರಿ. ಆ ಸೇವಕನಿಗೆ ಅರಸ ಬಿಟ್ಟ ಹತ್ತು ಸಾವಿರ ತಲಾಂತು ಆರು ಕೋಟಿ ದಿನದ ಕೂಲಿ. ಅವನು ಜೊತೆಯವನ ಕುತ್ತಿಗೆ ಹಿಡಿದು ಕೇಳಿದ್ದು ನೂರು ದಿನಾರಿ. ಪ್ರಸಂಗದಲ್ಲಿ ಇದನ್ನು ಪುಡಿಗಾಸು ಅಂತ ಹಾರಿಸಿಬಿಡುತ್ತಾರೆ. ಅಲ್ಲ. ನೂರು ದಿನದ ಕೂಲಿ; ದಿನಕ್ಕೆ 500 ಹಿಡಿದರೂ 50 ಸಾವಿರ. ಹೆಚ್ಚುಕಡಿಮೆ ನಮ್ಮಣ್ಣನ ಬಾಕಿ! ನನ್ನ ನೋವನ್ನು ಯೇಸುಸ್ವಾಮಿ ಸಣ್ಣದು ಅಂದಿಲ್ಲ ಅಂತ ಗೊತ್ತಾದಾಗಲೇ ಅದನ್ನು ಬಿಡುವ ಮನಸ್ಸಾದದ್ದು. ಧಾರೂರಿನಲ್ಲಿ ಕೈ ಎತ್ತಿದಾಗ ನಾನು ಬಾಕಿಯೇ ಇಲ್ಲ ಅಂತ ನಟಿಸಿದ್ದೆ, ಅದಕ್ಕೇ ಅದು ಎಂಟು ದಿನ ತಾಳಲಿಲ್ಲ.

ಖಾತೆ ತೆಗೆದೆ. ರೊಕ್ಕ ಬಂದರೆ ಸಾಲು ಹೊಡೆದು 'ಜಮಾ' ಅಂತ ಬರೆಯುವುದು ರೂಢಿ. ಬಂದಿಲ್ಲದ್ದಕ್ಕೆ ಜಮಾ ಬರೆದರೆ ಸುಳ್ಳು. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ 'ಬಿಟ್ಟದ್ದು' ಅಂತ ಬರೆದು ತಾರೀಖು ಹಾಕಿದೆ. ಆ ರಾತ್ರಿ, ಯೇಸುಸ್ವಾಮಿ ಕಲಿಸಿದ ಪರಲೋಕ ಪ್ರಾರ್ಥನೆಯಲ್ಲಿ 'ನಾವು ಕ್ಷಮಿಸಿದಂತೆ' ಅನ್ನುವಲ್ಲಿ ಧ್ವನಿ ಇಳಿಸಲಿಲ್ಲ. ಅಲ್ಲಿ ಗೊಣಗಿ ದಾಟುತ್ತಿದ್ದೆ ಅನ್ನುವುದು ಕೂಡ ಆಗಲೇ ತಿಳಿದದ್ದು.

ಮುಂದಿನ ಭಾನುವಾರ ಚರ್ಚಿನ ಚಾವಿ ಬೇರೆಯವರಿಗೆ ಕೊಟ್ಟು ಊರಿಗೆ ಹೋದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಮತ್ತಾಯ 5ರಲ್ಲಿದೆ. ನಾಲ್ಕು ವರ್ಷ ಕಾಣಿಕೆ ಎಣಿಸಿದವನಿಗೆ ಆ ವಚನ ಕಂಡಿರಲೇ ಇಲ್ಲ. ಅಣ್ಣ ಜಗುಲಿಯ ಮೇಲಿದ್ದ. 'ಈಗ್ಯಾಕ ಬಂದಿ?' ಅಂದ. 'ಮಂದಿ ಮುಂದ ಕೇಳಿದ್ದು ನಂದು ತಪ್ಪು. ಆ ರೊಕ್ಕದ ಮಾತು ಇನ್ನ ಎತ್ತಂಗಿಲ್ಲ' ಅಂದೆ. ಅವನು ತಬ್ಬಿಕೊಳ್ಳಲಿಲ್ಲ, ಅಳಲೂ ಇಲ್ಲ. ರೊಕ್ಕ ತಗೊಂಡಿದ್ದೆ ಅಂತ ಇವತ್ತಿಗೂ ಒಪ್ಪಿಲ್ಲ. ವೈನಿ ಚಹಾ ತಂದಳು, ಸಕ್ಕರೆ ಬಹಳ ಹಾಕಿದ್ದಳು. ಮಳೆ ಬಗ್ಗೆ ಎರಡು ಮಾತಾಡಿ ಎದ್ದೆ.

ಬಿಟ್ಟದ್ದು ಬೇರೆ, ನಂಬುವುದು ಬೇರೆ. ಹೊಲದ ಪಹಣಿ ಈಗಲೂ ವರ್ಷಕ್ಕೊಮ್ಮೆ ತೆಗೆಸಿ ನೋಡುತ್ತೇನೆ. ಅಕ್ಕೋರಿಗೆ ಹೇಳಿದಾಗ, 'ನೋಡು, ಅದಕ್ಕೇನು' ಅಂದರು. ಸಿಟ್ಟು ಪೂರಾ ಹೋಗಿಲ್ಲ. ಯಾರಾದರೂ ಲಗ್ನಪತ್ರ ತಂದರೆ ಒಮ್ಮೆ ಮೇಲೆ ಬರುತ್ತದೆ. ಅವತ್ತು ಆ ಹಾಳಿ ತೆರೆದು ಬರೆದದ್ದನ್ನು ನೋಡಿ ಮುಚ್ಚುತ್ತೇನೆ. ಪ್ರಾರ್ಥನೆ ಈಗ ಎರಡು ನಿಮಿಷಕ್ಕೆ ಮುಗಿಯುವುದಿಲ್ಲ.

ಹೋದ ಕ್ರಿಸ್ಮಸ್ಸಿಗೆ ನಾಲ್ಕು ದಿನ ಮೊದಲು ಅಣ್ಣ ತಾನಾಗಿ ಅಂಗಡಿಗೆ ಬಂದ. ಸಕ್ಕರೆ, ಮೈದಾ, ಒಂದು ಪಾಕೀಟು ಎಣ್ಣೆ ಕಟ್ಟಿಸಿಕೊಂಡ. 340 ರೂಪಾಯಿ ಆಯಿತು. ಜೇಬಿಗೆ ಕೈ ಹಾಕಿದಂತೆ ಮಾಡಿ, 'ಬರ್ಕೋ' ಅಂದ. ಬರ್ಕೊಂಡೆ, ಹೊಸ ಹಾಳಿಯಲ್ಲಿ. ಇನ್ನೂ ಕೊಟ್ಟಿಲ್ಲ.