ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಎಷ್ಟು ಕುಗ್ಗಿದೆ? ಸ್ಪ್ರೆಡ್‌ಶೀಟ್‌ನಲ್ಲಿ ನೀವೇ ಲೆಕ್ಕ ಹಾಕಿ

ಅಮೆರಿಕದ ಬೌಲ್ಡರ್ ನಗರದ ನ್ಯಾಷನಲ್ ಸ್ನೋ ಆ್ಯಂಡ್ ಐಸ್ ಡೇಟಾ ಸೆಂಟರ್ ‘ಸೀ ಐಸ್ ಇಂಡೆಕ್ಸ್’ ಹೆಸರಿನಲ್ಲಿ ತಿಂಗಳುವಾರು ಅಂಕಿ-ಅಂಶಗಳನ್ನು ಉಚಿತವಾಗಿ ಕೊಡುತ್ತದೆ. ಉತ್ತರ ಗೋಳಾರ್ಧದ ಸೆಪ್ಟೆಂಬರ್ ತಿಂಗಳ ಸಿಎಸ್‌ವಿ ಫೈಲ್ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಬಹುದಾದ ಪಟ್ಟಿ) ಇಳಿಸಿಕೊಳ್ಳಿ. ವರ್ಷದಲ್ಲಿ ಮಂಜುಗಡ್ಡೆ ತೀರಾ ಕಡಿಮೆಯಾಗುವುದು ಆಗಲೇ. ಬೇರೆ ಬೇರೆ ತಿಂಗಳುಗಳನ್ನು ಬೆರೆಸಿದರೆ ಋತುಮಾನದ ಏರಿಳಿತವಷ್ಟೇ ಕಾಣುತ್ತದೆ.

ಫೈಲಿನಲ್ಲಿ 1979ರಿಂದ ವರ್ಷಕ್ಕೊಂದು ಸಾಲು, ಕೊನೆಯಲ್ಲಿ ‘ಎಕ್ಸ್‌ಟೆಂಟ್’ ಮತ್ತು ‘ಏರಿಯಾ’ ಎಂಬ ಎರಡು ಕಾಲಂ. ಎರಡೂ ದಶಲಕ್ಷ ಚದರ ಕಿ.ಮೀ.ಗಳಲ್ಲಿವೆ, 10ರಿಂದ ಗುಣಿಸಿದರೆ ಲಕ್ಷಕ್ಕೆ ಬರುತ್ತದೆ. ಸಮುದ್ರವನ್ನು ಚೌಕಗಳಾಗಿ ವಿಂಗಡಿಸಿ, ಕನಿಷ್ಠ ಶೇ. 15ರಷ್ಟು ಮಂಜುಗಡ್ಡೆ ಇರುವ ಚೌಕವನ್ನು ಎಕ್ಸ್‌ಟೆಂಟ್ ಪೂರ್ತಿಯಾಗಿ ಎಣಿಸುತ್ತದೆ; ಏರಿಯಾ ಆ ಚೌಕದಲ್ಲಿ ಮಂಜುಗಡ್ಡೆ ಇರುವಷ್ಟು ಭಾಗವನ್ನು ಮಾತ್ರ ಎಣಿಸುತ್ತದೆ. ನಮಗೆ ಬೇಕಿರುವುದು ಎಕ್ಸ್‌ಟೆಂಟ್.

ಏರಿಯಾ ಕಾಲಂ ಬಳಸಿ ದೀರ್ಘಾವಧಿಯ ಗೆರೆ ಎಳೆಯಬೇಡಿ. ಧ್ರುವದ ಸುತ್ತಲಿನ ಒಂದು ವೃತ್ತ ಉಪಗ್ರಹದ ಕಣ್ಣಿಗೆ ಬೀಳುವುದಿಲ್ಲ. 1987ರವರೆಗೆ ಅದು ಸುಮಾರು 11.9 ಲಕ್ಷ ಚದರ ಕಿ.ಮೀ. ಇತ್ತು, ಹೊಸ ಉಪಕರಣಗಳು ಬಂದಂತೆ 3.1 ಲಕ್ಷಕ್ಕೆ, ಆಮೇಲೆ 29 ಸಾವಿರಕ್ಕೆ ಇಳಿಯಿತು. ಎಕ್ಸ್‌ಟೆಂಟ್ ಲೆಕ್ಕ ಆ ವೃತ್ತದಲ್ಲಿ ಮಂಜುಗಡ್ಡೆ ಇದೆಯೆಂದೇ ಹಿಡಿಯುತ್ತದೆ, ಏರಿಯಾ ಅದನ್ನು ಬಿಟ್ಟುಬಿಡುತ್ತದೆ. ಹೀಗಾಗಿ ವೃತ್ತ ಚಿಕ್ಕದಾದಾಗಲೆಲ್ಲ ಏರಿಯಾ ಸುಮ್ಮನೆ ಹಿಗ್ಗಿ, ನಿಜವಾದ ಇಳಿಕೆ ಮುಚ್ಚಿಹೋಗುತ್ತದೆ.

ಈಗ ವರ್ಷಕ್ಕೆ ಸರಾಸರಿ ಎಷ್ಟು ಬದಲಾವಣೆ ಎಂದು ತಿಳಿಸುವ ‘ಸ್ಲೋಪ್’ ಫಂಕ್ಷನ್ ಹಾಕಿ. ಮೊದಲು ಎಕ್ಸ್‌ಟೆಂಟ್ ಕಾಲಂ, ನಂತರ ವರ್ಷಗಳ ಕಾಲಂ. ತಿರುವುಮುರುವಾದರೆ ಉತ್ತರಕ್ಕೆ ಅರ್ಥವಿಲ್ಲ. ಸುಮಾರು ಮೈನಸ್ 0.08, ಅಂದರೆ ವರ್ಷಕ್ಕೆ 80 ಸಾವಿರ ಚದರ ಕಿ.ಮೀ. ಆಸುಪಾಸು ಬರಬೇಕು. ದಶಕದ ಲೆಕ್ಕಕ್ಕೆ ಆ 0.08 ಅನ್ನು 10ರಿಂದ ಗುಣಿಸಿ, 1981–2010ರ ಸರಾಸರಿಯಿಂದ (ಸುಮಾರು 6.4 ದಶಲಕ್ಷ ಚದರ ಕಿ.ಮೀ.) ಭಾಗಿಸಿ, 100ರಿಂದ ಗುಣಿಸಿ: ದಶಕಕ್ಕೆ ಸುಮಾರು ಶೇ. 12ರ ಇಳಿಕೆ.

ಆರಂಭದ ವರ್ಷವನ್ನು ನಿಮಗೆ ಬೇಕಾದಂತೆ ಆರಿಸಿಕೊಳ್ಳಬೇಡಿ. 2012ರಲ್ಲಿ 3.6ರಷ್ಟಿದ್ದದ್ದು ಮರುವರ್ಷ 5.2ಕ್ಕೇರಿತು, ಎರಡೇ ವರ್ಷ ನೋಡಿದವರಿಗೆ ಮಂಜುಗಡ್ಡೆ ಚೇತರಿಸಿಕೊಂಡಂತೆ ಕಾಣುತ್ತದೆ. 2007ರಿಂದೀಚೆಗೆ ಇಳಿಕೆ ನಿಧಾನವಾಗಿರುವುದು ನಿಜ, ಅದನ್ನು ಬೇರೆಯಾಗಿಯೇ ಬರೆಯಿರಿ. ಆದರೆ 1980ರ ದಶಕದ ಒಂದು ಸೆಪ್ಟೆಂಬರೂ 6ಕ್ಕಿಂತ ಕೆಳಗಿಳಿದಿರಲಿಲ್ಲ ಎಂಬುದನ್ನೂ ಪಕ್ಕದಲ್ಲೇ ಹೇಳಬೇಕು.

ಚಳಿಗಾಲದ ತಿಂಗಳಿಗೆ ಇದೇ ಲೆಕ್ಕ ಮಾಡುವುದಾದರೆ 1987ರ ಡಿಸೆಂಬರ್ ಮತ್ತು 1988ರ ಜನವರಿಯ ಸಾಲುಗಳಲ್ಲಿರುವ ಮೈನಸ್ 9999 ಅಳಿಸಿ, ಕೋಶ ಖಾಲಿ ಬಿಡಿ. ಆಗ ಕೆಲವು ವಾರ ಉಪಗ್ರಹದ ಮಾಹಿತಿ ಸಿಕ್ಕಿರಲಿಲ್ಲ.

ಅಂಟಾರ್ಕ್ಟಿಕಾಕ್ಕೆ ಒಂದೇ ನೇರ ಗೆರೆ ಸಾಲದು. ಅಲ್ಲಿ 2014ರವರೆಗೆ ಅಲ್ಪ ಏರಿಕೆ, 2016ರಿಂದ ಹಠಾತ್ ಕುಸಿತ. ಎರಡೂ ಅವಧಿಗಳ ಸರಾಸರಿಯನ್ನು ಬೇರೆ ಬೇರೆ ತೆಗೆಯಿರಿ.