ಮೊಬೈಲಲ್ಲಿ ನೆಟ್ ಬರುತ್ತೆ, ಕಂಪ್ಯೂಟರಲ್ಲಿ ಮಾತ್ರ ಬರಲ್ಲ: ನಮ್ಮನೆಯಲ್ಲಿ ನಾನು ಸರಿ ಮಾಡಿದ್ದು ಹೀಗೆ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ರ ನಮ್ಮೂರಿಗೆ ಹೋದಾಗ ಅಪ್ಪ ಬ್ಯಾಗ್ ಇಳಿಸೋಕೂ ಬಿಡ್ದೆ "ಮೊದ್ಲು ಆ ಕಂಪ್ಯೂಟರ್ ನೋಡೋ ಮಾರಾಯ, ಎಂಟು ದಿನ ಆಯ್ತು, ಒಂದು ಸೈಟೂ ಓಪನ್ ಆಗ್ತಿಲ್ಲ" ಅಂದ್ರು. ಸೊಸೈಟಿಗೆ ಕೊಡೋಕೆ ಪಹಣಿ ಪ್ರಿಂಟ್ ಬೇಕಿತ್ತು. ಮೊಬೈಲಲ್ಲಿ ಭೂಮಿ ಸೈಟ್ ಚೆನ್ನಾಗೇ ಬರ್ತಿತ್ತು, ಆದ್ರೆ ನಮ್ಮ ಹಳೇ ಪ್ರಿಂಟರ್ ಯುಎಸ್‌ಬಿ ಕೇಬಲಲ್ಲಿ ಕಂಪ್ಯೂಟರಿಗೇ ಕನೆಕ್ಟ್ ಆಗ್ಬೇಕು. ಅದಕ್ಕೂ ಮೊದ್ಲು ಪೇಟೆಯಲ್ಲಿ ರಿಪೇರಿ ಮಾಡೋರೊಬ್ರು ಫೋನಲ್ಲೇ "ಫಾರ್ಮ್ಯಾಟ್ ಹೊಡೀಬೇಕು ತಗೊಂಡ್ ಬನ್ನಿ" ಅಂದಿದ್ರಂತೆ. ಅದ್ರಲ್ಲಿ ಅಪ್ಪ ಹತ್ತು ವರ್ಷದಿಂದ ಬರೆದಿಟ್ಟ ತೋಟದ ಲೆಕ್ಕ ಇದೆ, ಅಜ್ಜಿ ಫೋಟೋಗಳಿವೆ, ಬೇರೆಲ್ಲೂ ಕಾಪಿ ಇಲ್ಲ. ಕಾರಣ ಗೊತ್ತಾಗೋ ಮುಂಚೆ ಫಾರ್ಮ್ಯಾಟ್ ಅನ್ನೋ ಮಾತು ಕೇಳಿದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

2013ರ ಡೆಸ್ಕ್‌ಟಾಪ್, ವಿಂಡೋಸ್ 10, ರೌಟರಿಂದ ಲ್ಯಾನ್ ಕೇಬಲ್. ಕೇಬಲ್ ಹಾಕಿದ ಕಡೆ ಹಸಿರು ಲೈಟ್ ಮಿಣುಕ್ತಿತ್ತು, ಅಂದ್ರೆ ಕನೆಕ್ಷನ್ ಇದೆ, ಆದ್ರೆ ಮೂಲೆಯ ಐಕಾನ್ ಮೇಲೆ ಮೌಸ್ ಇಟ್ರೆ 'ನೋ ಇಂಟರ್ನೆಟ್'. ರೌಟರ್ ಆಫ್ ಮಾಡಿ ಆನ್ ಮಾಡೋದು, ಕಂಪ್ಯೂಟರ್ ರೀಸ್ಟಾರ್ಟ್, ಕೇಬಲ್ ಬದಲಿಸೋದು, ಇಷ್ಟೂ ಅಪ್ಪನೇ ಮಾಡಿಯಾಗಿತ್ತು. ಬ್ರೌಸರಲ್ಲಿ ಪ್ರಾಕ್ಸಿ (ನೆಟ್ಟನ್ನ ಮಧ್ಯೆ ಇನ್ನೊಂದು ಕಂಪ್ಯೂಟರ್ ಮೂಲಕ ತರೋ ಸೆಟ್ಟಿಂಗ್) ಏನಾದ್ರೂ ಆನ್ ಆಗಿದ್ಯಾ ಅಂತ ನೋಡ್ದೆ, ಇರ್ಲಿಲ್ಲ.

ನಮ್ಮನೆಗೆ ನೀರು ಗುಡ್ಡದ ಒರತೆಯಿಂದ ಪೈಪಲ್ಲಿ ಬರುತ್ತೆ. ನೀರು ನಿಂತ್ರೆ ಅಪ್ಪ ಪೂರ್ತಿ ಪೈಪ್ ಕಿತ್ತು ಹಾಕಲ್ಲ, ಒಂದೊಂದೇ ಜಾಯಿಂಟ್ ಬಿಚ್ಚಿ ಎಲ್ಲಿವರೆಗೆ ನೀರು ಬಂದಿದೆ ಅಂತ ನೋಡ್ತಾ ಹೋಗ್ತಾರೆ. ನಾನು ಮಾಡಿದ್ದೂ ಅಷ್ಟೇ.

ಕಮಾಂಡ್ ಪ್ರಾಂಪ್ಟ್, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಪ್ಪು ಕಿಟಕಿ, ತೆಗ್ದು ಐಪಿಕಾನ್ಫಿಗ್ (ipconfig) ಅಂತ ಕೊಟ್ಟೆ. 192.168.1.7 ಅಂತ ಅಡ್ರೆಸ್ ಬಂದಿತ್ತು, ಗೇಟ್‌ವೇ, ಅಂದ್ರೆ ನಮ್ಮ ರೌಟರ್, 192.168.1.1. ಇಲ್ಲಿ 169.254ರಿಂದ ಶುರುವಾಗೋ ನಂಬರ್ ಇದ್ದಿದ್ರೆ ರೌಟರಿಂದ ಅಡ್ರೆಸ್ಸೇ ಸಿಕ್ಕಿಲ್ಲ ಅಂತ, ಆಗ ಕೇಬಲ್ಲು ಪೋರ್ಟು ನೋಡ್ಬೇಕಿತ್ತು. ಸಿಕ್ಕಿತ್ತು, ಸರಿ. ಆಮೇಲೆ ರೌಟರಿಗೆ ಪಿಂಗ್, ಅಂದ್ರೆ ಇದ್ದೀಯಾ ಅಂತ ಕೂಗಿ ನೋಡೋ ಕಮಾಂಡ್, ರಿಪ್ಲೈ ಬಂತು. ಆಮೇಲೆ 8.8.8.8ಗೆ ಪಿಂಗ್, ಇದು ಗೂಗಲ್‌ನವರ ಡಿಎನ್‌ಎಸ್ ಸರ್ವರ್ (ಡಿಎನ್‌ಎಸ್ ಏನು ಅಂತ ಆಮೇಲೆ ಹೇಳ್ತೀನಿ), ಊರಾಚೆ ಇರೋದು, ಅದಕ್ಕೂ ನಾಲ್ಕಕ್ಕೆ ನಾಲ್ಕು ರಿಪ್ಲೈ! ಅಂದ್ರೆ ನೋ ಇಂಟರ್ನೆಟ್ ಅಂತ ತೋರಿಸ್ತಿರೋ ಇದೇ ಕಂಪ್ಯೂಟರಿಗೆ ಇಂಟರ್ನೆಟ್ ಇದೆ. ಕೊನೇಗೆ ನಂಬರ್ ಬದ್ಲು ಗೂಗಲ್ ಡಾಟ್ ಕಾಮ್ ಅಂತ ಹೆಸರು ಹಾಕಿ ಪಿಂಗ್ ಕೊಟ್ಟೆ, ಸ್ವಲ್ಪ ಹೊತ್ತು ಸುಮ್ನೆ ನಿಂತು ಹೋಸ್ಟ್ ಸಿಕ್ಕಿಲ್ಲ ಅಂತು. ಆ ಜಾಯಿಂಟಲ್ಲೇ ಕಟ್ಟಿರೋದು ಅಂತ ಆಗ ಗೊತ್ತಾಯ್ತು.

ಕಂಪ್ಯೂಟರಿಗೆ ಬೇಕಾಗೋದು ನಂಬರು, ನಾವು ಟೈಪ್ ಮಾಡೋದು ಹೆಸರು. ಹೆಸರಿಗೆ ನಂಬರ್ ಹುಡುಕಿ ಕೊಡೋದು ಡಿಎನ್‌ಎಸ್. ಊರಿಗೆ ರಸ್ತೆ ಇದೆ, ಬಸ್ಸೂ ಇದೆ, ಇಳಿದ ಮೇಲೆ ಇಂಥವರ ಮನೆ ಎಲ್ಲಿ ಅಂತ ಹೇಳೋರು ಮಾತ್ರ ಇಲ್ಲ, ಆ ಥರ ಆಗಿತ್ತು. ವಿಂಡೋಸ್ ನೋ ಇಂಟರ್ನೆಟ್ ಅನ್ನೋದೂ ಇದಕ್ಕೇ, ಅದು ಮೈಕ್ರೋಸಾಫ್ಟ್‌ನ ಒಂದು ಸಣ್ಣ ಟೆಕ್ಸ್ಟ್ ಫೈಲನ್ನ ಹೆಸರು ಹಿಡಿದು ತರೋಕೆ ನೋಡುತ್ತೆ, ಹೆಸರೇ ಸಿಗ್ದಿದ್ರೆ ನೆಟ್ಟೇ ಇಲ್ಲ ಅಂದ್ಕೊಳ್ಳುತ್ತೆ.

ಖಾತ್ರಿ ಮಾಡ್ಕೊಳ್ಳೋಕೆ ಎನ್‌ಎಸ್‌ಲುಕಪ್ (nslookup, ಡಿಎನ್‌ಎಸ್ಸನ್ನೇ ನೇರ ಕೇಳೋ ಕಮಾಂಡ್) ಅಂತ ಕೊಟ್ಟು ಗೂಗಲ್ ಹೆಸರು ಹಾಕ್ದೆ, ಟೈಮ್ಡ್ ಔಟ್. ಅದೇ ಹೆಸರಾದ ಮೇಲೆ ಒಂದು ಸ್ಪೇಸ್ ಬಿಟ್ಟು 8.8.8.8 ಸೇರಿಸಿ, ಅಂದ್ರೆ ಅವರನ್ನ ಕೇಳು ಅಂತ ಹೇಳಿ ಕೊಟ್ಟೆ, ತಕ್ಷಣ ಉತ್ತರ ಬಂತು. ಹಾಗಾದ್ರೆ ಇದು ಇಷ್ಟು ದಿನ ಯಾರನ್ನ ಕೇಳ್ತಿತ್ತು?

ರನ್‌ನಲ್ಲಿ ಎನ್‌ಸಿಪಿಎ ಡಾಟ್ ಸಿಪಿಎಲ್ (ncpa.cpl) ಅಂತ ಕೊಟ್ಟು ಅಡಾಪ್ಟರ್ ಪ್ರಾಪರ್ಟೀಸ್, ಅದ್ರಲ್ಲಿ ಐಪಿವಿ4 ತೆಗ್ದೆ. ಐಪಿ ಅಡ್ರೆಸ್ ಆಟೋಮ್ಯಾಟಿಕ್ ಇತ್ತು, ಕೆಳಗೆ ಡಿಎನ್‌ಎಸ್ ಜಾಗದಲ್ಲಿ ಮಾತ್ರ ಎರಡು ನಂಬರ್ ಕೈಯಲ್ಲಿ ತುಂಬಿಟ್ಟಿದ್ರು. ಅಪ್ಪನಿಗೆ ಕೇಳ್ದೆ. ವರ್ಷಗಳ ಹಿಂದೆ ತಾಮ್ರದ ಟೆಲಿಫೋನ್ ಲೈನಿನ ಬ್ರಾಡ್‌ಬ್ಯಾಂಡ್ ಹಾಕಿಸಿದಾಗ ಬಂದ ಹುಡುಗ ಅಲ್ಲೇನೋ ತುಂಬಿದ್ನಂತೆ, ಆ ಲೈನ್ ಸಿಡಿಲಿಗೆ ಹೋಗಿ ಬೇರೆಯವರ ಫೈಬರ್ ಹಾಕಿಸಿ ಎಂಟೇ ದಿನ ಆಗಿತ್ತು! ಹಳೇ ಕಂಪನಿ ಸರ್ವರ್ ಹೊರಗಿನ ನೆಟ್‌ವರ್ಕಿಂದ ಹೋದ ಪ್ರಶ್ನೆಗೆ ಉತ್ತರ ಕೊಡ್ತಿರ್ಲಿಲ್ಲ. ವೈಫೈಯಲ್ಲಿರೋ ಮೊಬೈಲು ರೌಟರ್ ಹೇಳಿದ ಡಿಎನ್‌ಎಸ್ಸನ್ನೇ ತಗೊಳ್ಳುತ್ತೆ, ಹಾಗಾಗಿ ಅದಕ್ಕೇನೂ ಆಗಿರ್ಲಿಲ್ಲ. ಆ ಎರಡು ನಂಬರ್ ಒಂದು ಚೀಟಿಲಿ ಬರ್ಕೊಂಡು (ಏನೇ ಅಳಿಸೋ ಮುಂಚೆ ಬರ್ಕೊಳ್ಳಿ ದಯವಿಟ್ಟು) ಡಿಎನ್‌ಎಸ್ಸೂ ಆಟೋಮ್ಯಾಟಿಕ್ ಅಂತ ಮಾಡಿ ಓಕೆ ಕೊಟ್ಟು, ನೆನಪಿಟ್ಟ ಹಳೇ ಉತ್ತರಗಳನ್ನ ಅಳಿಸೋ ಐಪಿಕಾನ್ಫಿಗ್ ಫ್ಲಶ್‌ಡಿಎನ್‌ಎಸ್ (ipconfig /flushdns) ಕಮಾಂಡ್ ಹಾಕ್ದೆ. ಪಿಂಗ್ ಹೆಸರಲ್ಲೂ ಬಂತು.

ಆದ್ರೆ ಬ್ರೌಸರಲ್ಲಿ ಇನ್ನೂ ಸೈಟ್ ಬರ್ಲಿಲ್ಲ. ಈಗ ಬೇರೆ ಎರರ್, ಸರ್ಟಿಫಿಕೇಟ್ ಡೇಟ್ ಇನ್‌ವ್ಯಾಲಿಡ್. ಮೂಲೆಯ ಗಡಿಯಾರ ನೋಡಿದ್ರೆ 2013ನೇ ಇಸವಿ ಜನವರಿ! ಸೈಟುಗಳ ಸರ್ಟಿಫಿಕೇಟಿಗೆ (ಇದು ಅಸಲಿ ಸೈಟೇ ಅಂತ ತೋರಿಸೋ ಗುರುತುಪತ್ರ) ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ, ಕಂಪ್ಯೂಟರ್ ಲೆಕ್ಕದಲ್ಲಿ ಅವೆಲ್ಲ ಇನ್ನೂ ಹುಟ್ಟೇ ಇಲ್ಲ, ಅದಕ್ಕೆ ಬೇಡ ಅಂತಿತ್ತು. ಇಂಥ ಕಡೆ ಎಚ್ಚರಿಕೆ ದಾಟಿ ಮುಂದೆ ಹೋಗೋ ಬಟನ್ ಒತ್ಬೇಡಿ, ತಾರೀಖು ಸರಿ ಮಾಡಿ. ತಾನೇ ಸಿಂಕ್ ಆಗ್ಲಿ ಅಂತ ಕೊಟ್ರೆ ಆಗ್ಲಿಲ್ಲ, ವ್ಯತ್ಯಾಸ ಅಷ್ಟೊಂದು ಇದ್ದಾಗ ವಿಂಡೋಸ್ ಒಪ್ಪಲ್ಲ. ಕೈಯಲ್ಲೇ ದಿನ, ಟೈಮ್ ಹಾಕ್ದೆ. ಭೂಮಿ ಸೈಟ್ ಬಂತು, ಪಹಣಿ ಪ್ರಿಂಟ್ ಆಯ್ತು, ಅಪ್ಪ ಆ ಬಿಸಿ ಹಾಳೆ ಹಿಡ್ಕೊಂಡು ಸೀದಾ ಅಡುಗೆಮನೆಗೆ ಹೋಗಿ ಅಮ್ಮನಿಗೆ ತೋರಿಸಿದ್ರು.

ಬೆಳಿಗ್ಗೆ ಆನ್ ಮಾಡಿದ್ರೆ ಮತ್ತೆ 2013. ಮಲೆನಾಡಲ್ಲಿ ಮಳೆಗಾಲದ ರಾತ್ರಿ ಎಲ್ಲ ಪ್ಲಗ್ ಕಿತ್ತಿಟ್ಟೇ ಮಲಗೋದು, ಕರೆಂಟ್ ಪೂರ್ತಿ ತೆಗೆದಾಗ ಗಡಿಯಾರ ನಡೆಸೋದು ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಒಂದೇ, ಅದು ಸತ್ತಿತ್ತು. ಸಿಆರ್ 2032 ಅಂತ ಅದ್ರ ಹೆಸರು, ಪೇಟೆಯ ವಾಚ್ ರಿಪೇರಿ ಅಂಗಡಿಲಿ ಸಿಕ್ತು. ಪ್ಲಗ್ ತೆಗ್ದು, ಪಕ್ಕದ ಮುಚ್ಚಳ ಬಿಚ್ಚಿ, ಕ್ಲಿಪ್ ಸ್ವಲ್ಪ ಒತ್ತಿದ್ರೆ ಹಳೇದು ತಾನೇ ಎದ್ದು ಬರುತ್ತೆ, ಹೊಸದನ್ನ ಪ್ಲಸ್ ಮೇಲೆ ಬರೋ ಹಾಗೆ ಕೂರಿಸ್ದೆ. ತಾರೀಖು ಮತ್ತೊಮ್ಮೆ ಹಾಕಿ, ಆ ರಾತ್ರಿನೂ ಪ್ಲಗ್ ಕಿತ್ತಿಟ್ಟೇ ಮಲಗಿದ್ವಿ. ಬೆಳಿಗ್ಗೆ ಕಾಫಿಗೂ ಮುಂಚೆ ಅಪ್ಪನೇ ಆನ್ ಮಾಡಿ ಒಳಗಿಂದ ಕೂಗಿದ್ರು, "ತಾರೀಖು ಸರಿ ಇದೆ ಕಣೋ".