ಬಿಗಿ ಪ್ರೊಬೇಷನ್ ಫಲ ಕೊಟ್ಟಿದೆಯಾ? ಅಳೆಯೋದು ಹೀಗೆ

ಮಾನಸಗಂಗೋತ್ರಿಯಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಓದುವ ಮಕ್ಕಳು ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ವಿಷಯ ಪ್ರೊಬೇಷನ್ (ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ, ಷರತ್ತು ಹಾಕಿ ಆಫೀಸರ್ ಕಣ್ಗಾವಲಲ್ಲಿ ಹೊರಗೆ ಬಿಡೋದು) ಆದರೆ ಮೊದಲ ಪುಟದಲ್ಲೇ ಒಂದು ಟೇಬಲ್: ಆಫೀಸರ್ ಎಷ್ಟು ಸಲ ಮನೆಗೆ ಹೋದರು, ರಿಜಿಸ್ಟರಿನಲ್ಲಿ ಎಷ್ಟು ಸಹಿ ಬಿತ್ತು. ಅದು ಆಫೀಸರ್ ಮಾಡಿದ ಕೆಲಸದ ಲೆಕ್ಕ. ಆ ಮನುಷ್ಯ ಏನಾದ ಅನ್ನೋದು ಅದರಲ್ಲಿ ಇಲ್ವಲ್ಲ!

ನಮ್ಮ 1958ರ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಅವಧಿ 3 ವರ್ಷ ಮೀರುವಂತಿಲ್ಲ. ಬಿಗಿ ಪ್ರೊಬೇಷನ್, ಅಂದರೆ ಭೇಟಿ, ನಿಗಾ ಹೆಚ್ಚಿಸಿದ ಪ್ರೊಬೇಷನ್, ಜೋರಾಗಿ ನಡೆದದ್ದು ಅಮೆರಿಕದಲ್ಲಿ. 1982ರಲ್ಲಿ ಜಾರ್ಜಿಯಾದಲ್ಲಿ ಇಬ್ಬರು ಅಧಿಕಾರಿಗಳಿಗೆ 25 ಜನ, ವಾರಕ್ಕೆ ಐದು ಸಲದವರೆಗೆ ಮುಖಾಮುಖಿ ಭೇಟಿ, ರಾತ್ರಿ ಹೊರಗೆ ಓಡಾಡುವಂತಿಲ್ಲ. ಆದ್ದರಿಂದ ಒಳ್ಳೆಯ ಅಂಕಿಅಂಶವೂ ಅಲ್ಲಿಯದೇ.

ಮೊದಲು ಯಾರ ಜೊತೆ ಹೋಲಿಸುತ್ತೀರಿ ಅಂತ ತೀರ್ಮಾನಿಸಿ. ಮನೆ, ಜಮೀನು, ಜಾಮೀನು ನಿಲ್ಲುವ ಮಾವ ಇದ್ದವನಿಗೆ ಪ್ರೊಬೇಷನ್ ಸುಲಭವಾಗಿ ಸಿಗುತ್ತದೆ. ಅವನನ್ನು ಜೈಲಿಂದ ಬಂದವರ ಜೊತೆ ಹೋಲಿಸಿದರೆ ಪ್ರೊಬೇಷನ್ ಗೆಲ್ಲದೆ ಇರುತ್ತಾ? ಚೀಟಿ ಎತ್ತಿ ಎರಡು ಗುಂಪು ಮಾಡೋದೇ ಸರಿಯಾದ ದಾರಿ. ನಮ್ಮಲ್ಲಿ ಕೋರ್ಟ್ ಅದಕ್ಕೆ ಒಪ್ಪೋದು ಕಷ್ಟ. ಹಾಗಾದರೆ ಅದೇ ಅಪರಾಧದ ಸೆಕ್ಷನ್, ಅದೇ ವಯಸ್ಸು, ಹಳೆ ಕೇಸುಗಳೂ ಅಷ್ಟೇ ಇರುವವರನ್ನು ಪಕ್ಕದ ತಾಲ್ಲೂಕಿನಿಂದ ಹುಡುಕಿ.

ಚೀಟಿ ಎತ್ತಿದ ಕೆಲಸವನ್ನು ಅಮೆರಿಕದ ರ್ಯಾಂಡ್ ಸಂಶೋಧನಾ ಸಂಸ್ಥೆಯ ಜೋನ್ ಪೀಟರ್ಸಿಲಿಯಾ, ಸೂಸನ್ ಟರ್ನರ್ 14 ಕಡೆ ಮಾಡಿ 1993ರಲ್ಲಿ ಪ್ರಕಟಿಸಿದರು. ಒಂದು ವರ್ಷದಲ್ಲಿ ಹೊಸ ಕೇಸಿನಲ್ಲಿ ಸಿಕ್ಕಿಬಿದ್ದವರು ಬಿಗಿ ಗುಂಪಿನಲ್ಲಿ ಶೇ. 37, ಹೋಲಿಕೆಯ ಗುಂಪಿನಲ್ಲಿ ಶೇ. 33. ಷರತ್ತು ಮುರಿದವರು ಮಾತ್ರ ಬಿಗಿ ಗುಂಪಿನಲ್ಲಿ ಶೇ. 65, ಇನ್ನೊಂದು ಕಡೆ ಶೇ. 38. ಹೆಚ್ಚು ಕಣ್ಣಿಟ್ಟರೆ ಹೆಚ್ಚು ತಪ್ಪು ಸಿಗುತ್ತದೆ, ಅಷ್ಟೇ. ಹಾಗಾಗಿ ಹೊಸ ಅಪರಾಧ, ಷರತ್ತು ತಪ್ಪಿದ್ದು, ಇವೆರಡಕ್ಕೂ ಬೇರೆ ಬೇರೆ ಕಾಲಂ ಹಾಕಿ. ಎರಡನ್ನೂ ಕೂಡಿಸಿ 'ವಿಫಲ' ಅಂತ ಬರೆದ ರಿಪೋರ್ಟನ್ನು ನಾನು ಮುಂದೆ ಓದೋದೇ ಇಲ್ಲ.

ಷರತ್ತು ತಪ್ಪಿದ ಕಾಲಂ ಪಕ್ಕದಲ್ಲಿ ಕಾರಣಕ್ಕೂ ಜಾಗ ಬಿಡಿ. ಪಾಂಡವಪುರ ಕಡೆಯ ಒಬ್ಬನ ಹೆಸರಿನ ಮುಂದೆ ಸಹಿ ಹಾಕುವ ಸೋಮವಾರ ಬಂದರೆ ಸಾಕು, ಕೆಂಪು ಶಾಯಿಯಲ್ಲಿ 'ಗೈರು'. ಅವನಿಗೆ ಆಲೆಮನೆಯಲ್ಲಿ ಕೆಲಸ. "ಕೊಪ್ಪರಿಗೆ ಒಲೆ ಮೇಲಿರುವಾಗ ಎದ್ದು ಬಂದ್ರೆ ಪಾಕ ಹಾಳಾಗುತ್ತೆ ಸಾರ್, ಆಮೇಲೆ ಕೂಲಿ ಯಾರು ಕೊಡ್ತಾರೆ?" ಅಂದ. ಕದ್ದು ತಿನ್ನೋದು ಬಿಟ್ಟು ದುಡಿಯುತ್ತಿರುವವನು ಲೆಕ್ಕದಲ್ಲಿ ತಪ್ಪಿತಸ್ಥ!

ಹೊಸ ಕೇಸು ಹುಡುಕೋಕೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಆದರೆ ಮೈಸೂರು ಸೀಮೆಯಲ್ಲಿ ಮಹದೇವ ಅಂತ ಹಾಕಿದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ತಂದೆ ಹೆಸರು, ಊರು ಹೊಂದಿಸಿಕೊಳ್ಳಿ. ಕೊಡಗು, ಬೆಂಗಳೂರನ್ನೂ ಹುಡುಕಿ, ಕೂಲಿಗೆ ಹೋಗುವವರು ಅಲ್ಲೇ ಜಾಸ್ತಿ. ಮಧ್ಯದಲ್ಲಿ ಬಿಟ್ಟು ಹೋದವನನ್ನು ಪಟ್ಟಿಯಿಂದ ತೆಗೆಯಬೇಡಿ. ಎಲ್ಲರಿಗೂ ಬಿಡುಗಡೆಯಾದ ದಿನದಿಂದ ಒಂದೇ ಅಳತೆಯ ಅವಧಿ ಹಿಡಿಯಿರಿ.

ಕಾವಲಿನ ಜೊತೆ ಇನ್ನೇನು ಕೊಟ್ಟರು ಅಂತಲೂ ಕೇಳಿ. ಕುಡಿತ ಬಿಡಿಸೋದು, ಕೆಲಸ ಹುಡುಕಿಕೊಡೋದು ಇತ್ತಾ? ಅಮೆರಿಕದ ಅದೇ ಅಧ್ಯಯನದಲ್ಲಿ ಇಂಥ ನೆರವು ಪಡೆದವರಲ್ಲಿ ಮತ್ತೆ ಸಿಕ್ಕಿಬೀಳುವುದು ಶೇ. 10–20 ಕಡಿಮೆ ಇತ್ತು. ಆದರೆ ನೆರವು ಯಾರಿಗೆ ಅನ್ನೋದನ್ನು ಚೀಟಿ ಎತ್ತಿ ಆರಿಸಿರಲಿಲ್ಲ. ಖರ್ಚು ಬರೆಯುವಾಗ ಷರತ್ತು ತಪ್ಪಿ ಜೈಲಿಗೆ ಮರಳಿದವರ ಖರ್ಚನ್ನೂ ಸೇರಿಸಿ. ಅಮೆರಿಕದಲ್ಲಿ 'ಜೈಲಿಗಿಂತ ಅಗ್ಗ' ಅನ್ನೋ ಉಳಿತಾಯದ ಮಾತು ಬಿದ್ದುಹೋದದ್ದು ಅದರಿಂದಲೇ.

ಕೊನೆಗೆ ಸಂಖ್ಯೆ. ಗುಂಪಿನಲ್ಲಿ 20 ಜನ ಇದ್ದರೆ ಒಬ್ಬ ಆಚೀಚೆ ಆದರೂ ಶೇ. 5 ಬದಲಾಗುತ್ತದೆ. ಅಂಥ ಕಡೆ ಶೇಕಡಾವಾರು ಬೇಡ, 20ರಲ್ಲಿ ಎಷ್ಟು ಜನ ಅಂತ ಬರೆಯಿರಿ.